ಕೈಯ ಕಾಯಕವೂ ಮೆದುಳಿನ ಅರಿವೂ

ಪ್ರಾತಃಕಾಲದಲ್ಲಿ ಮಿಂದು, ವಿಭೂತಿಯನ್ನು ಧರಿಸಿ, ಪೂಜೆಗೆ ಕುಳಿತ ಹಿರಿಯ ಭಕ್ತರ ಕೈಗಳನ್ನು ಮನೆಯ ಮಕ್ಕಳು ನೋಡಿಯೇ ಇರುವರು. ಎಡಗೈ ಕಿಂಚಿತ್ತೂ ಅಲುಗದೆ ಇಷ್ಟಲಿಂಗಕ್ಕೆ ಪೀಠವಾಗಿ ನಿಂತಿರುವುದು. ಬಲಗೈ ನೀರೆರೆಯುವುದು, ಒರಸುವುದು, ಭಸ್ಮವನ್ನು ಲೇಪಿಸುವುದು, ಪತ್ರೆಯ ದಳಗಳನ್ನು ಒಂದೊಂದಾಗಿ ಏರಿಸುವುದು. ಅವರ ದೃಷ್ಟಿಯಾದರೋ ಲಿಂಗದಲ್ಲಿ ನಟ್ಟಿರುವುದೇ ಹೊರತು ಬೆರಳುಗಳ ಕಡೆಗಿಲ್ಲ. ಹೆಬ್ಬೆರಳು ಎಲ್ಲಿದೆ, ತೋರುಬೆರಳು ಎಷ್ಟು ಬಾಗಬೇಕು, ಎಳೆಯ ದಳವು ನಲುಗದಂತೆ ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬ ಚಿಂತೆ ಅವರ ಮನಸ್ಸಿನ ಹತ್ತಿರವೂ ಸುಳಿಯುವುದಿಲ್ಲ. ಸುಳಿದುದಾದರೆ ಪೂಜೆ ಕೆಟ್ಟಂತೆಯೇ ಸರಿ. ಹಾಗಾದರೆ ಈ ಲೆಕ್ಕಾಚಾರವನ್ನೆಲ್ಲ ಮಾಡುತ್ತಿರುವವರು ಯಾರು?

ಬಲಗೈ ಏನೋ ಕೆಲಸಮಾಡುತ್ತಿದೆ, ಎಡಗೈ ಸುಮ್ಮನೆ ಇದೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಸುಮ್ಮನಿರುವುದೇ ಕಷ್ಟತರವಾದ ಕೆಲಸ. ಉಸಿರಾಡುವಾಗ ಎದೆ ಏರಿಳಿಯುವುದು, ಹೃದಯ ಮಿಡಿಯುವುದು, ಬೆನ್ನು ಬಾಗುವುದು, ಮೇಲಿನಿಂದ ನೀರು ಬೀಳುವುದು. ಇಷ್ಟಾದರೂ ಅಂಗೈ ಮಟ್ಟಸವಾಗಿಯೇ ಉಳಿಯಬೇಕಾದರೆ ತೋಳಿನ ಹತ್ತಾರು ಸ್ನಾಯುಗಳು ಕ್ಷಣಕ್ಷಣಕ್ಕೂ ತಮ್ಮ ಬಿಗುವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತಿರಬೇಕು.

ನಮ್ಮ ಶರಣರಲ್ಲಿ ಅನೇಕರು ಕೈಗೆಲಸದಿಂದಲೇ ಹೆಸರು ಪಡೆದವರು. ಚಂದಯ್ಯನವರು ಹಗ್ಗ ಹೊಸೆದರು, ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದರು, ದಾಸಿಮಯ್ಯನವರು ಬಟ್ಟೆ ನೆಯ್ದರು, ರಾಮಿತಂದೆಗಳು ಸೂಜಿ ಹಿಡಿದರು, ರೆಮ್ಮವ್ವೆಯವರು ಕದಿರು ತಿರುಗಿಸಿದರು. ಅವರವರ ಕಾಯಕದ ವಿಷಯವಾಗಿ ಪ್ರವಚನಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಆದರೆ ಆ ಕಾಯಕವು ಅವರ ಶರೀರದೊಳಗೆ ಹೇಗೆ ನೆಲೆಗೊಂಡಿತ್ತೆಂಬುದನ್ನು ಯೋಚಿಸುವವರು ವಿರಳ. ‘ಕೈ ಪಳಗಿದೆ’, ‘ಕೈ ಕುದುರಿದೆ’ ಎನ್ನುವುದು ಲೋಕರೂಢಿ. ಈ ಮಾತು ಅರ್ಧ ಸತ್ಯ. ಪಳಗಿರುವುದು ಕೈಯೇ? ಕೈಯನ್ನು ನಡೆಸುವ ಬೇರೊಂದು ಸ್ಥಾನವೇ?

ಬಲಗೈಯಿಂದ ಎಡ ಮುಂಗೈಯನ್ನು ಮೊಳಕೈಯ ಸಮೀಪದಲ್ಲಿ ಮೆಲ್ಲನೆ ಹಿಡಿದುಕೊಂಡು ಎಡಗೈಯ ಬೆರಳುಗಳನ್ನು ಆಡಿಸಿದರೆ ಒಂದು ಸೋಜಿಗ ತಿಳಿಯುವುದು. ಆಡುವುದು ಬೆರಳು, ಮಿಸುಕುವುದು ಮುಂಗೈ. ಒಂದು ಕೈಯಲ್ಲಿ ೨೭ ಎಲುಬುಗಳಿವೆ. ಆದರೆ ಬೆರಳುಗಳನ್ನು ಬಾಗಿಸುವ ಸ್ನಾಯುಗಳು ಬೆರಳುಗಳಲ್ಲಿಲ್ಲ. ಕೆಲವು ಅಂಗೈಯಲ್ಲಿವೆ, ಬಲವಾದವು ಮುಂಗೈಯಲ್ಲಿದ್ದು ನೀಳವಾದ ಹುರಿಗಳ ಮೂಲಕ ಬೆರಳುಗಳನ್ನು ಎಳೆಯುವುವು. ತೊಗಲುಗೊಂಬೆಯ ಆಟದಲ್ಲಿ ಕುಣಿಯುವುದು ಗೊಂಬೆ, ಆಡಿಸುವವನು ಪರದೆಯ ಹಿಂದೆ. ಇಲ್ಲಿಯೂ ಹಾಗೆಯೇ ಒಂದೊಂದು ಪರದೆಯನ್ನು ಸರಿಸುತ್ತ ಹಿಂದೆ ಹಿಂದೆ ಹೋಗಬೇಕಾಗುವುದು. ಮುಂಗೈಯ ಸ್ನಾಯುವಿಗೆ ಅಪ್ಪಣೆ ಬೆನ್ನುಹುರಿಯಿಂದ, ಬೆನ್ನುಹುರಿಗೆ ಮೆದುಳಿನಿಂದ. ಮೆದುಳಿನ ಪ್ರತಿಯೊಂದು ಪಾರ್ಶ್ವದಿಂದಲೂ ಸುಮಾರು ಹತ್ತು ಲಕ್ಷ ನರತಂತುಗಳ ಒಂದು ಕಟ್ಟು ಕೆಳಗಿಳಿದು ಬರುವುದು. ಕುತ್ತಿಗೆಗಿಂತ ತುಸು ಮೇಲೆ, ತಲೆಯ ತಳಭಾಗದಲ್ಲಿ, ಇವುಗಳಲ್ಲಿ ಬಹುಪಾಲು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ದಾಟುವುವು. ಆದಕಾರಣ ಲಿಂಗವನ್ನು ಹಿಡಿದ ಎಡಗೈಗೆ ಒಡೆತನ ಮೆದುಳಿನ ಬಲಭಾಗದ್ದು. ಮುಂದೆ ಬರುವ ಮಾತಿಗಾಗಿ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಈ ತಂತುಗಳ ವಿಶೇಷವೇನೆಂಬುದು ೧೯೬೮ರಲ್ಲಿ ಲಾರೆನ್ಸ್ ಮತ್ತು ಕಾಯ್ಪರ್ಸ್ ಎಂಬ ಇಬ್ಬರು ಪ್ರಕಟಿಸಿದ ಪರೀಕ್ಷೆಗಳಿಂದ ಸ್ಪಷ್ಟವಾಯಿತು. ಕಪಿಗಳಲ್ಲಿ ಈ ಕಟ್ಟನ್ನು ಎರಡೂ ಕಡೆ ಕಡಿದಾಗ, ಅವು ಕೆಲವು ವಾರಗಳಲ್ಲಿ ಚೇತರಿಸಿಕೊಂಡು ನಡೆದವು, ಓಡಿದವು, ಪಂಜರವನ್ನು ಹತ್ತಿದವು. ಆದರೆ ಸಣ್ಣ ಕುಳಿಯೊಳಗಿನ ತಿನಿಸನ್ನು ಒಂದೇ ಬೆರಳಿನಿಂದ ಬಿಡಿಸಿ ತೆಗೆಯುವ ಚಾತುರ್ಯ ಮಾತ್ರ ಮರಳಲಿಲ್ಲ. ಬೆರಳುಗಳೆಲ್ಲ ಒಟ್ಟಿಗೆ ಮುಚ್ಚುವುವು, ಒಟ್ಟಿಗೆ ತೆರೆಯುವುವು, ಅಷ್ಟೆ. ಮೂಕಪ್ರಾಣಿಗಳು ಪಟ್ಟ ಈ ವೇದನೆಯಿಂದ ದೊರೆತ ತಿಳಿವೆಂಬುದನ್ನು ದಯೆಯನ್ನು ಧರ್ಮವೆಂದು ಬಗೆದವರು ಮರೆಯಲಾಗದು. ದೊರೆತ ತಿಳಿವನ್ನು ವ್ಯರ್ಥಮಾಡುವುದಂತೂ ಇನ್ನೂ ತಪ್ಪು. ಹಿಡಿಯುವುದು ಬೇರೆ, ಬೆರಳು ಬೆರಳನ್ನು ಬೇರ್ಪಡಿಸಿ ನಡೆಸುವುದು ಬೇರೆ. ಹಗ್ಗ ಹೊಸೆಯುವ, ದಾರ ಪೋಣಿಸುವ, ಅಕ್ಷರ ಬರೆಯುವ ಕೌಶಲವೆಲ್ಲ ಈ ಎರಡನೆಯದರಿಂದಲೇ ಹುಟ್ಟುವುದು.

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರಿದ್ದರು. ಮೂರ್ಛೆರೋಗದಿಂದ ಬಳಲುವವರ ಮೆದುಳನ್ನು ಅವರು ರೋಗಿಯು ಎಚ್ಚರವಾಗಿರುವಾಗಲೇ ತೆರೆಯುತ್ತಿದ್ದರು. ಮೆದುಳಿಗೆ ಸ್ವತಃ ನೋವಿನ ಅರಿವಿಲ್ಲವಾದುದರಿಂದ ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ಸಾಕಾಗುತ್ತಿತ್ತು. ಕೊಯ್ಯಬಾರದ ಜಾಗ ಯಾವುದೆಂದು ತಿಳಿಯುವ ಸಲುವಾಗಿ, ಮೆದುಳಿನ ಮೇಲ್ಮೈಯನ್ನು ಅತಿಸೌಮ್ಯವಾದ ವಿದ್ಯುತ್ತಿನಿಂದ ಅಲ್ಲಲ್ಲಿ ಮುಟ್ಟಿ ನೋಡುತ್ತಿದ್ದರು. ಒಂದೆಡೆ ಮುಟ್ಟಿದರೆ ಕಾಲು ಅಲುಗುವುದು, ಇನ್ನೊಂದೆಡೆ ಮುಟ್ಟಿದರೆ ತುಟಿ. ಹೀಗೆ ೧೯೩೭ರಲ್ಲಿ ಬೋಲ್ಡ್ರಿ ಎಂಬ ಸಹಾಯಕರೊಡನೆ ಅವರು ಪ್ರಕಟಿಸಿದ ನಕ್ಷೆಯಲ್ಲಿ ಕೈಗೂ ಬಾಯಿಗೂ ದೊರೆತ ಜಾಗ ಅಪಾರ. ಇಡೀ ಮುಂಡಕ್ಕೆ ದೊರೆತುದು ಸಣ್ಣದೊಂದು ಪಟ್ಟಿ. ಹೆಬ್ಬೆರಳೊಂದಕ್ಕೆ ದೊರೆತುದು ವಿಶಾಲವಾದ ಹೊಲ. ಅಂಗದ ಗಾತ್ರವನ್ನು ನೋಡಿ ಮೆದುಳು ಭೂಮಿಯನ್ನು ಹಂಚಿಲ್ಲ, ಅದರ ಕೆಲಸದ ಸೂಕ್ಷ್ಮತೆಯನ್ನು ನೋಡಿ ಹಂಚಿದೆ.

ಆದರೆ ಪೆನ್‌ಫೀಲ್ಡರ ಅನುಭವದಲ್ಲಿ ಅಧ್ಯಾತ್ಮಚಿಂತಕರು ನಿಂತು ಯೋಚಿಸಬೇಕಾದುದು ನಕ್ಷೆಯಲ್ಲ, ಬೇರೊಂದು. ವಿದ್ಯುತ್ತು ತಾಗಿ ಕೈ ಮೇಲೆದ್ದಾಗ, ಅದನ್ನು ತಾನು ಎತ್ತಲಿಲ್ಲ, ವೈದ್ಯರು ಎತ್ತಿಸಿದರು ಎಂದು ರೋಗಿಗಳು ಹೇಳುತ್ತಿದ್ದರಂತೆ. ಕೆಲವರು ಏಳುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಲು ಹೋಗುತ್ತಿದ್ದುದೂ ಉಂಟು. ಕೈ ಅವರದೇ, ಮೆದುಳೂ ಅವರದೇ, ಚಲನೆಯೂ ಆ ಮೆದುಳಿನಿಂದಲೇ ಹೊರಟಿತು. ಆದರೂ ಅದು ತಮ್ಮ ಕ್ರಿಯೆಯಲ್ಲವೆಂಬುದು ಅವರಿಗೆ ತಿಳಿಯಿತು. ಪೆನ್‌ಫೀಲ್ಡರು ತಮ್ಮ ಕೊನೆಗಾಲದಲ್ಲಿ ಇದನ್ನೇ ಮತ್ತೆ ಮತ್ತೆ ಆಲೋಚಿಸಿದರು. ಅವರ ನಿರ್ಣಯವನ್ನು ಇಂದಿನ ವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ವಾದ ಏನೇ ಇರಲಿ, ಸಂಕಲ್ಪವಿಲ್ಲದ ಚಲನೆ ಕಾಯಕವಾಗಲಾರದೆಂಬ ಅನುಭವ ಆ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಆಯಿತು.

ಸಂಕಲ್ಪವೂ ಇದೆ, ನರವೂ ಸ್ನಾಯುವೂ ನೆಟ್ಟಗಿವೆ. ಇಷ್ಟಿದ್ದರೆ ಕೈ ನಡೆಯುವುದೆ? ನಡೆಯದೆಂಬುದಕ್ಕೆ ಇಂಗ್ಲೆಂಡಿನ ಒಬ್ಬ ತರುಣನ ಜೀವನವೇ ಸಾಕ್ಷಿ. ೧೯೭೧ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಜ್ವರದಂತಹ ಒಂದು ಕಾಯಿಲೆಯಾದ ಮೇಲೆ ಆತನಿಗೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶಜ್ಞಾನವೂ, ಅಂಗಗಳು ಎಲ್ಲಿವೆಯೆಂಬ ಒಳ ಅರಿವೂ ಅಳಿದುಹೋದವು. ನೋವು ತಿಳಿಯುತ್ತಿತ್ತು, ಬಿಸಿ ತಣ್ಣಗೆ ತಿಳಿಯುತ್ತಿತ್ತು, ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳಿಗೆ ಏನೂ ಆಗಿರಲಿಲ್ಲ. ಆದರೂ ಆತನು ಎದ್ದು ಕುಳಿತುಕೊಳ್ಳಲಾರದೆ ಹೋದನು. ಕೈಯೆತ್ತಬೇಕೆಂದರೆ ಅದು ಎಲ್ಲಿಗೋ ಹೋಗಿ ಏನನ್ನೋ ಬಡಿಯುತ್ತಿತ್ತು. ತಿಂಗಳುಗಟ್ಟಲೆ ಸಾಧನೆಮಾಡಿ, ಕಣ್ಣಿನಿಂದ ಕೈಕಾಲುಗಳನ್ನು ನೋಡುತ್ತ ನೋಡುತ್ತ, ಒಂದೊಂದು ಚಲನೆಯನ್ನೂ ಮನಸ್ಸಿನಲ್ಲಿ ಮೊದಲೇ ಯೋಜಿಸಿ, ಕುಳಿತುಕೊಳ್ಳುವುದನ್ನು, ತಿನ್ನುವುದನ್ನು, ಕಡೆಗೆ ನಡೆಯುವುದನ್ನು ಕಲಿತನು. ದೀಪ ಆರಿದರೆ ಮಾತ್ರ ನಿಂತಲ್ಲಿಯೇ ಕುಸಿದು ಬೀಳುವನು. ಜೋನಾಥನ್ ಕೋಲ್ ಎಂಬ ವೈದ್ಯರು ೧೯೯೧ರಲ್ಲಿ ಆತನ ವಿಷಯವಾಗಿ ಒಂದು ಗ್ರಂಥವನ್ನೇ ಬರೆದರು. ಅದನ್ನು ಓದಿದವರಿಗೆ ಆರೋಗ್ಯವಂತರು ತಟ್ಟೆಯಿಂದ ಬಾಯಿಗೆ ತುತ್ತು ಒಯ್ಯುವುದು ಸಾಧಾರಣವಾದ ಸಂಗತಿಯೆಂದು ತೋರುವುದಿಲ್ಲ. ಅರಿವಿಲ್ಲದ ಕ್ರಿಯೆ ನಿಲ್ಲದು, ಕ್ರಿಯೆಯಿಲ್ಲದ ಅರಿವು ಬೆಳೆಯದು ಎಂಬ ಅನುಭಾವಿಗಳ ಮಾತು ಸಾಧಕರಿಗಾಗಿ ಹೇಳಿದುದು. ಆ ಯುವಕನ ಶರೀರದಲ್ಲಿ ಅದರ ಮೊದಲರ್ಧ ಅಕ್ಷರಶಃ ನಿಜವಾಯಿತು.

ಒಂದು ಅಂಗೈಯ ಮತ್ತು ಅದರ ಬೆರಳುಗಳ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸಿ ಸುದ್ದಿ ಕಳುಹಿಸುವ ಸುಮಾರು ೧೭,೦೦೦ ನರಗಳಿವೆಯೆಂದು ಸ್ವೀಡನ್ನಿನ ಯೋಹಾನ್ಸನ್ ಮತ್ತು ವಾಲ್ಬೊ ೧೯೭೯ರಲ್ಲಿ ಲೆಕ್ಕಹಾಕಿದರು. ಒದ್ದೆಯಾದ ಹಿತ್ತಾಳೆಯ ಚೊಂಬನ್ನು ಎತ್ತುವಾಗ ಅದು ಜಾರುವ ಸೂಚನೆ ಬೆರಳ ತುದಿಗೆ ತಗುಲಿದೊಡನೆ, ಮನಸ್ಸಿಗೆ ತಿಳಿಯುವ ಮೊದಲೇ ಹಿಡಿತ ಬಿಗಿಯಾಗುವುದು. ಪತ್ರೆಯ ದಳವನ್ನು ಹಿಡಿಯುವಾಗ ಅದೇ ಬೆರಳು ಹೂವಿನಷ್ಟು ಮೃದು. ಜಾರದಿರಲು ಬೇಕಾದುದಕ್ಕಿಂತ ಅಲ್ಪಸ್ವಲ್ಪ ಹೆಚ್ಚು ಬಲವನ್ನು ಮಾತ್ರ ಕೈ ವೆಚ್ಚಮಾಡುವುದು. ಬೆರಳ ತುದಿಗಳನ್ನು ಮರಗಟ್ಟಿಸಿದರೆ ಅದೇ ಕೈ ಸಣ್ಣ ವಸ್ತುವನ್ನೂ ಅನವಶ್ಯಕವಾಗಿ ಹಿಸುಕುವುದು. ಸುದ್ದಿ ಬಾರದ ಊರಿನ ಅಧಿಕಾರಿ ಗದರಿಸಿ ಆಳುವಂತೆ!

ತಲೆಯ ಹಿಂಭಾಗದ ಕೆಳಗಡೆ ಕಿರುಮೆದುಳೆಂಬ ಭಾಗವಿದೆ. ಹೆಸರಿಗೆ ಕಿರಿದು, ಆದರೆ ಮೆದುಳಿನ ನರಕೋಶಗಳಲ್ಲಿ ಮುಕ್ಕಾಲು ಪಾಲಿನಷ್ಟು ಇಲ್ಲಿಯೇ ಇವೆ. ಕೈ ಮುಂದೇನಾಗಬೇಕೆಂಬುದನ್ನು ಮುಂಚಿತವಾಗಿ ಎಣಿಸಿ, ತಪ್ಪಿದರೆ ತಿದ್ದಿ, ಮುಂದಿನ ಸಲ ತಪ್ಪದಂತೆ ನೋಡಿಕೊಳ್ಳುವುದು ಇದರ ಕೆಲಸ. ಗಾರ್ಡನ್ ಹೋಮ್ಸ್ ಎಂಬ ವೈದ್ಯರು ಮೊದಲನೆಯ ಮಹಾಯುದ್ಧದಲ್ಲಿ ಗುಂಡು ತಗುಲಿ ಈ ಭಾಗ ಕೆಟ್ಟ ಸೈನಿಕರನ್ನು ಪರೀಕ್ಷಿಸಿದವರು. ಅವರು ಕಂಡ ಒಬ್ಬ ರೋಗಿಗೆ ಒಂದು ಕೈ ತಾನಾಗಿ ನಡೆಯುತ್ತಿತ್ತು; ಕೆಟ್ಟ ಕಡೆಯ ಕೈಗೆ ಮಾತ್ರ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಹೇಳಿಕೊಡಬೇಕಾಗಿತ್ತು. ಪೂಜೆಗೆ ಕುಳಿತ ಹಿರಿಯರ ಮನಸ್ಸು ಲಿಂಗದಲ್ಲಿ ನಿಲ್ಲಲು ಬಿಡುವು ದೊರಕಿಸುವ ಮೌನಸೇವಕರಲ್ಲಿ ಈ ಕಿರುಮೆದುಳು ಒಂದು.

ಕಲಿತ ಕೈಗೆಲಸ ಎಲ್ಲಿ ಸಂಗ್ರಹವಾಗುವುದೆಂಬ ವಿಷಯದಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನ ಕಥೆ ಎಲ್ಲ ಕಡೆಯೂ ಪ್ರಸಿದ್ಧವಾಗಿದೆ. ೧೯೫೩ರಲ್ಲಿ ಮೂರ್ಛೆರೋಗಕ್ಕಾಗಿ ಮೆದುಳಿನ ಒಳಭಾಗವನ್ನು ಎರಡು ಕಡೆಯೂ ತೆಗೆದುದರಿಂದ ಆತನಿಗೆ ಹೊಸ ನೆನಪುಗಳು ನಿಲ್ಲದೆ ಹೋದವು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕೃತಿಯನ್ನು ತಿದ್ದುವ ಕೆಲಸವನ್ನು ಆತನಿಗೆ ಕೊಟ್ಟಳು. ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗಾಗಿ ಕಾಣುವುದರಿಂದ ಇದು ಯಾರಿಗಾದರೂ ತೊಡಕಿನದು. ಮೂರು ದಿನಗಳಲ್ಲಿ ಆತನ ಕೈ ಅದನ್ನು ಚೆನ್ನಾಗಿ ಕಲಿಯಿತು. ಆದರೆ ಪ್ರತಿದಿನವೂ ಆತನು ಆ ಕೆಲಸವನ್ನು ಹಿಂದೆಂದೂ ಮಾಡಿದ ನೆನಪಿಲ್ಲದೆಯೇ ಕುಳಿತುಕೊಳ್ಳುತ್ತಿದ್ದನು. ಮಾತಿಗೆ ಸಿಗುವ ನೆನಪು ಬೇರೆ, ಕೈಗೆ ಸಿಗುವ ನೆನಪು ಬೇರೆ. ಮೊಮ್ಮಕ್ಕಳ ಹೆಸರನ್ನು ಮರೆತ ಅಜ್ಜಿಯು ಹೂವಿನ ಸರವನ್ನು ತಪ್ಪಿಲ್ಲದೆ ಕಟ್ಟುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು.

ಕಾಯಕವು ಮೆದುಳಿನ ಹೊಲದ ಬದುಗಳನ್ನೇ ಸರಿಸಬಲ್ಲದು. ೧೯೯೫ರಲ್ಲಿ ಎಲ್ಬರ್ಟ್ ಮತ್ತು ಸಂಗಡಿಗರು ಪಿಟೀಲು ಮೊದಲಾದ ತಂತಿವಾದ್ಯಗಳನ್ನು ನುಡಿಸುವವರ ಮೆದುಳನ್ನು ಪರೀಕ್ಷಿಸಿದಾಗ, ತಂತಿಗಳ ಮೇಲೆ ಆಡುವ ಎಡಗೈ ಬೆರಳುಗಳಿಗೆ ಮೀಸಲಾದ ಜಾಗ ಇತರರಿಗಿಂತ ಹಿಗ್ಗಿತ್ತು. ಚಿಕ್ಕಂದಿನಿಂದ ಅಭ್ಯಾಸ ಮಾಡಿದವರಲ್ಲಿ ಇನ್ನೂ ಹೆಚ್ಚಾಗಿ ಹಿಗ್ಗಿತ್ತು. ಆದುದರಿಂದ ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಹೀಗೆ: ಪಳಗಿರುವುದು ಮೆದುಳು, ಪಳಗಿಸಿದುದು ಕೈ.

ಬದುಗಳು ಹಿಗ್ಗುವಂತೆ ಕುಗ್ಗಲೂ ಬಲ್ಲವು. ಸಂಸಾರಿಗಳಾದವರಿಗೆ ಈ ವಿಷಯದಲ್ಲಿ ನಿಜವಾದ ಸಂಕಟ ಎದುರಾಗುವುದು ಇಲ್ಲಿಯೇ. ಮನೆಯ ಹಿರಿಯರಿಗೆ ಒಂದು ದಿನ ಇದ್ದಕ್ಕಿದ್ದಂತೆ ಬಾಯಿ ವಾರೆಯಾಗುವುದು, ಮಾತು ತೊದಲುವುದು, ಒಂದು ಕೈ ಜೋತುಬೀಳುವುದು. ಗಾಳಿ ಹೊಡೆಯಿತೆಂದೂ ಲಕ್ವವೆಂದೂ ಹೇಳಿ ಎಣ್ಣೆ ತಿಕ್ಕುತ್ತ ಕೂಡುವ ಪದ್ಧತಿ ಇನ್ನೂ ಹೋಗಿಲ್ಲ. ಕೆಟ್ಟಿರುವುದು ಕೈಯಲ್ಲ, ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆ, ಅಥವಾ ಒಡೆದಿದೆ. ಇವೆರಡರಲ್ಲಿ ಯಾವುದೆಂಬುದು ತಲೆಯ ಸ್ಕ್ಯಾನ್ ಮಾಡಿದ ಹೊರತು ತಿಳಿಯದು. ಕಟ್ಟಿಕೊಂಡಿದ್ದರೆ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಬೇಗನೆ ಕೊಟ್ಟಷ್ಟೂ ಮೇಲು. ಎಣ್ಣೆಗೆ ಕಳೆದ ಗಂಟೆಗಳಲ್ಲಿ ಮೆದುಳಿನ ಹೊಲ ಒಣಗಿಹೋಗುವುದು.

ಬಲಮೆದುಳಿಗೆ ಪೆಟ್ಟಾದರೆ ಬೀಳುವುದು ಎಡಗೈ, ಅಂದರೆ ಲಿಂಗಪೀಠವೇ. ಕೆಲವರಿಗೆ ಎಡಗೈ ತಮ್ಮದೆಂಬ ಗಮನವೇ ಹಾರಿಹೋಗುವುದೂ ಉಂಟು. ಐವತ್ತು ವರ್ಷ ತಪ್ಪದೆ ಪೂಜೆಮಾಡಿದವರಿಗೆ ಇದು ಎಂತಹ ಆಘಾತವೆಂಬುದನ್ನು ಹೇಳಬೇಕಾಗಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮನೆಯವರು ಪ್ರೀತಿಯಿಂದ ಏನು ಮಾಡುವರು? ಮಗನು ಲಿಂಗವನ್ನು ತನ್ನ ಕೈಯಲ್ಲಿ ಹಿಡಿದು ತಂದೆಯ ಪರವಾಗಿ ಪೂಜಿಸುವನು, ಸೊಸೆಯು ತುತ್ತುಮಾಡಿ ಉಣಿಸುವಳು, ಮೊಮ್ಮಗಳು ಗುಂಡಿ ಹಾಕುವಳು. ಹಿರಿಯರ ಒಳ್ಳೆಯ ಕೈಗೂ ಕೆಲಸವಿಲ್ಲ, ಸೋತ ಕೈಗಂತೂ ಇಲ್ಲವೇ ಇಲ್ಲ. ಮೊದಲ ವಾರಗಳಲ್ಲಿ ಆ ಕೈಯನ್ನು ಆಡಿಸಲು ಹೋಗಿ ಸೋತ ಮೆದುಳು, ‘ಇದು ಆಗದು’ ಎಂಬ ಪಾಠವನ್ನು ಕಲಿತುಬಿಡುವುದು. ಮುಂದೆ ಶಕ್ತಿ ಸ್ವಲ್ಪ ಮರಳಿದರೂ ಕೈ ಮಡಿಲಲ್ಲಿಯೇ ಬಿದ್ದಿರುವುದು. ೧೯೯೬ರಲ್ಲಿ ರಾಂಡಾಲ್ಫ್ ನ್ಯೂಡೋ ಮತ್ತು ಸಂಗಡಿಗರು ಕಪಿಗಳಲ್ಲಿ ಕಂಡುದು ಇದಕ್ಕೆ ಪುಷ್ಟಿ ಕೊಡುವುದು. ಕೈಯ ಹೊಲದಲ್ಲಿ ಸಣ್ಣದೊಂದು ಭಾಗ ಹಾಳಾದಾಗ, ಅಭ್ಯಾಸವಿಲ್ಲದ ಕಪಿಗಳಲ್ಲಿ ಪಕ್ಕದ ಆರೋಗ್ಯವಾದ ಭಾಗವೂ ಕೈಯ ಪಾಲಿಗೆ ತಪ್ಪಿಹೋಯಿತು. ಕೈಗೆ ದಿನವೂ ಕೆಲಸ ಕೊಟ್ಟವುಗಳಲ್ಲಿ ಅದು ಉಳಿಯಿತು.

ಈ ತಿಳಿವಿನಿಂದ ಒಂದು ಚಿಕಿತ್ಸೆ ಬೆಳೆದು ಬಂತು. ಎಡ್ವರ್ಡ್ ಟಾಬ್ ಎಂಬುವರು ಅದಕ್ಕೆ ಮೂಲಪುರುಷರು. ಒಳ್ಳೆಯ ಕೈಗೆ ದಪ್ಪನೆಯ ಚೀಲ ತೊಡಿಸಿ, ಸೋತ ಕೈಯಿಂದಲೇ ಎಲ್ಲ ಕೆಲಸವನ್ನೂ ಮಾಡಿಸುವುದು ಇದರ ಕ್ರಮ. ಅಮೆರಿಕದಲ್ಲಿ ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾದ ೨೨೨ ಮಂದಿಯ ಪರೀಕ್ಷೆಯ ಫಲ ೨೦೦೬ರಲ್ಲಿ ಪ್ರಕಟವಾಯಿತು. ಎರಡೇ ವಾರಗಳ ಈ ಕಠಿಣ ಅಭ್ಯಾಸ ಪಡೆದವರ ಕೈ ಇತರರಿಗಿಂತ ಚೆನ್ನಾಗಿ ಸುಧಾರಿಸಿತು, ಒಂದು ವರ್ಷದ ಮೇಲೂ ಆ ಸುಧಾರಣೆ ಉಳಿದಿತ್ತು. ಮಣಿಕಟ್ಟನ್ನೂ ಬೆರಳುಗಳನ್ನೂ ತುಸುವಾದರೂ ಬಿಚ್ಚಬಲ್ಲವರಿಗೆ ಮಾತ್ರ ಇದು ಸಲ್ಲುವುದು. ಪೂರ್ತಿ ಜಡವಾದ ಕೈಗಲ್ಲ. ವೈದ್ಯರ ಅಪ್ಪಣೆಯಿಲ್ಲದೆ ಮನೆಯಲ್ಲಿಯೇ ಕೈಕಟ್ಟಿ ಕೂರಿಸುವುದು ಹಿಂಸೆಯಾದೀತು, ಬಿದ್ದು ಎಲುಬು ಮುರಿದೀತು. ಎಲ್ಲರ ಕೈಯೂ ಮೊದಲಿನಂತಾಗುವುದೆಂದು ಭರವಸೆ ಕೊಡುವುದೂ ಸಲ್ಲದು.

ಆದರೆ ಚೀಲವಿಲ್ಲದೆಯೂ ಮನೆಯವರು ಮಾಡಬಹುದಾದುದು ಬಹಳವಿದೆ. ಪೂಜೆಯ ವೇಳೆಯಲ್ಲಿ ಹಿರಿಯರ ಎಡಮುಂಗೈಯ ಕೆಳಗೆ ಮೆತ್ತನೆಯ ದಿಂಬನ್ನಿಟ್ಟು, ಅಂಗೈಯನ್ನು ಬಲಗೈಯಿಂದ ತಾವೇ ಬಿಡಿಸಿಕೊಳ್ಳುವಷ್ಟು ಸಮಯ ಕೊಟ್ಟು, ಲಿಂಗವನ್ನು ಅಲ್ಲಿಯೇ ಇರಿಸಿದರೆ, ಮಗನ ಕೈ ಕೆಳಗಡೆ ಆಸರೆಯಾಗಿದ್ದರೆ ಸಾಕು. ಭಸ್ಮದ ಕರಡಿಗೆಯನ್ನು ಬಲಕ್ಕಿಡದೆ ಎಡಕ್ಕಿಡಬಹುದು. ಅಂಗಿಯ ಐದು ಗುಂಡಿಗಳಲ್ಲಿ ನಾಲ್ಕನ್ನು ಮೊಮ್ಮಗಳು ಹಾಕಲಿ, ಒಂದನ್ನು ಅಜ್ಜನಿಗೆ ಬಿಡಲಿ. ಪತ್ರೆಯ ದಳ ಜಾರಿ ನೆಲಕ್ಕೆ ಬೀಳುವುದು. ಎತ್ತಿಕೊಡಲು ಧಾವಿಸುವ ಮಗುವನ್ನು ತಡೆದು, ತಟ್ಟೆಯಲ್ಲಿ ಹತ್ತಾರು ದಳಗಳನ್ನು ಹೆಚ್ಚಾಗಿಯೇ ಇಟ್ಟಿರಬೇಕು. ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಪೂಜೆಗೆ ಈಗ ಒಂದೂವರೆ ಗಂಟೆ ಹಿಡಿಯಬಹುದು. ಹಿರಿಯರು ಪ್ರಸಾದ ಸ್ವೀಕರಿಸುವ ಮುನ್ನ ಇತರರು ಉಣ್ಣದ ಮನೆಗಳಲ್ಲಿ ಮಕ್ಕಳಿಗೆ ಹಸಿವಾದೀತು. ಶಾಲೆಗೆ ಹೋಗುವ ಮಕ್ಕಳಿಗೆ ಆ ದಿನಗಳಲ್ಲಿ ಮುಂಚಿತವಾಗಿ ಬಡಿಸಿಬಿಡಬೇಕು. ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತು, ಇನ್ನೂ ಆಗಲಿಲ್ಲವೆ ಎಂದು ಯಾರೂ ಕೇಳದಿದ್ದರಾಯಿತು.